ಐದೂವರೆಯ ಸಿಗ್ನಲ್

ಚಿಕ್ಕಯ್ಯನಿಗೆ ವಾರ ತಿಳಿಯುತ್ತಿರಲಿಲ್ಲ, ತಿಂಗಳು ತಿಳಿಯುತ್ತಿರಲಿಲ್ಲ, ಬೆಳಿಗ್ಗೆ ತಿಂದದ್ದು ರೊಟ್ಟಿಯೋ ಉಪ್ಪಿಟ್ಟೋ ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಮರೆತುಹೋಗಿರುತ್ತಿತ್ತು. ಆದರೆ ಸಂಜೆ ಐದೂವರೆ ಮಾತ್ರ ಗಡಿಯಾರ ನೋಡದೆಯೂ ತಿಳಿಯುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಮಂಚದಿಂದ ಎದ್ದು, ಟವೆಲ್ಲು ಹೆಗಲಿಗೆ ಹಾಕಿ, ಕೈಗೆ ಸಿಕ್ಕ ಚೊಂಬೋ ಬಕೆಟ್ಟೋ ಹಿಡಿದು ಬಾಗಿಲಿಗೆ ಹೊರಟುಬಿಡುತ್ತಿದ್ದ.

"ಡೈರೀಗೆ ಆಲಾಕ್ಬುಟ್ಟು ಬತ್ತೀನಿ ಕಣೆ."

ಹಾಲಾದರೂ ಎಲ್ಲಿತ್ತು? ಹಸುಗಳನ್ನು ಮಾರಿ ಎರಡು ವರ್ಷವಾಗಿತ್ತು. ಹಳೇ ಡೈರಿ ಇದ್ದ ಜಾಗದಲ್ಲಿ ಈಗ ಪಂಚರ್ ಅಂಗಡಿ. ಆದರೆ ನಲವತ್ತು ವರ್ಷ ದಿನಕ್ಕೆರಡು ಸಲ ನಡೆದ ಕಾಲಿಗೆ ಇದನ್ನೆಲ್ಲ ತಿಳಿಸಿ ಹೇಳುವವರು ಯಾರು? ಮನೆಗೂ ಆ ಜಾಗಕ್ಕೂ ನಡುವೆ ಅರಸೀಕೆರೆ ರಸ್ತೆ ಬೇರೆ. ಐದೂವರೆ ಅಂದರೆ ಅವರ ಊರು ದುದ್ದದಲ್ಲಿ ಬಸ್ಸು, ಲಾರಿ, ಕಾಲೇಜು ಬಿಟ್ಟ ಬೈಕುಗಳು ಒಂದರ ಬಾಲ ಒಂದು ಹಿಡಿದುಕೊಂಡು ಓಡುವ ಹೊತ್ತು.

ಹಾಸನದ ಡಾಕ್ಟರು, "ಇದು ಮರೆವಿನ ಕಾಯಿಲೆ, ವಾಸಿಯಾಗೋದಲ್ಲ, ಒಬ್ಬರನ್ನೇ ಬಿಡಬೇಡಿ" ಎಂದು ಹೇಳಿ ಕೈತೊಳೆದುಕೊಂಡಿದ್ದರು. ಔಷಧಿ ಕಂಡುಹಿಡಿದದ್ದು ಮನೆಯವರೇ. ಐದೂವರೆಗೆ ಚಂದನ ವಾಹಿನಿಯಲ್ಲಿ ರೈತರ ಕಾರ್ಯಕ್ರಮ ಬರುತ್ತಿತ್ತು. ಅದನ್ನು ಹಾಕಿದರೆ ಎದ್ದು ನಿಂತ ಚಿಕ್ಕಯ್ಯ ಹಾಗೇ ಕೂತುಬಿಡುತ್ತಿದ್ದ. ಹಸು ಕಾಣಿಸಿಕೊಂಡರಂತೂ ಕೇಳುವುದೇ ಬೇಡ. "ಅದ್ಯಾವ ಸೀಮೆ ಅಸುಲಾ ಅದು? ಕೆಚ್ಲು ನೋಡು ಎಂಗದೆ" ಎಂದು ಟೀವಿಯೊಳಗಿನವರ ಮೇಲೇ ಜಗಳಕ್ಕೆ ಬೀಳುತ್ತಿದ್ದ. ಆರೂಕಾಲಕ್ಕೆಲ್ಲ ಡೈರಿಯ ನೆನಪು ಇಳಿದು, "ಮುದ್ದೆ ಆಯ್ತಾ?" ಅನ್ನುತ್ತಿದ್ದ. ಆ ಮುಕ್ಕಾಲು ಗಂಟೆ ದಾಟಿದರೆ ಆ ದಿನ ದಾಟಿದಂತೆ.

ಆಷಾಢದ ಒಂದು ಸಂಜೆ ಅದು ದಾಟಲಿಲ್ಲ. ಹೆಂಡತಿ ಲಕ್ಕಮ್ಮ ಟೀವಿ ಹಾಕಿ, ಮೋಡ ಕವಿದಿತ್ತೆಂದು ಬಟ್ಟೆ ಎತ್ತಲು ಹಿತ್ತಲಿಗೆ ಹೋಗಿದ್ದಳು. ಅಷ್ಟರಲ್ಲಿ ಡಿಶ್ಶಿನ ರೀಚಾರ್ಜ್ ಮುಗಿದು, 'ದಯವಿಟ್ಟು ಹಣ ಪಾವತಿಸಿ' ಎಂದು ಪರದೆ ನೀಲಿಯಾಯಿತು. ಬಟ್ಟೆ ಹೊತ್ತು ಒಳಗೆ ಬಂದರೆ ಮಂಚ ಖಾಲಿ. ಗೇಟಿನವರೆಗೆ ಓಡಿದಳು. ಅಲ್ಲಿ ಯಾರೋ ಬೈಕಿನವನು ಚಿಕ್ಕಯ್ಯನನ್ನು ಹಿಂದೆ ಕೂರಿಸಿಕೊಂಡು ಬಂದು ನಿಂತ.

"ನಿಮ್ಮೋರೇನಮ್ಮಾ? ನಡು ರೋಡಲ್ಲಿ ನಿಂತ್ಕಂಡು ಲಾರಿಗೆ ಕೈ ಅಡ್ಡ ಇಕ್ಕಿದ್ರು. ಡ್ರೈವರ್ ಒಳ್ಳೇವ್ನು, ಬ್ರೇಕ್ ಒತ್ಬುಟ್ಟ. ಲಾರಿ ಇಷ್ಟೇ ದೂರ ಇತ್ತು ಕಣಮ್ಮ" ಎಂದು ಗೇಣು ತೋರಿಸಿದ.

ಆ ಗೇಣು ಲಕ್ಕಮ್ಮನನ್ನು ಬಿಡಲಿಲ್ಲ. ಮುದ್ದೆ ತಿರುವುವಾಗ, ಪಾತ್ರೆ ಉಜ್ಜುವಾಗ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಜಗಳವೂ ಬಡಿಸಿಕೊಂಡು ಕೂತಿತು. ಮಗ ಸುನೀಲ್‌ಕುಮಾರ್ ಹಾಸನದ ಪ್ಲೈವುಡ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸೊಸೆ ಸ್ಮಿತಾ ಅಲ್ಲೇ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಕೂರುವವಳು. ಇಬ್ಬರೂ ಮನೆ ಸೇರುವುದು ಏಳಕ್ಕೆ. ಮೊಮ್ಮಗಳು ತೇಜಶ್ರೀ ಪಿಯುಸಿ ಓದುತ್ತಿದ್ದಳು. ಐದರ ಬಸ್ಸು ಸಿಕ್ಕರೆ ಐದೂಕಾಲಕ್ಕೆ ಮನೆ, ತಪ್ಪಿದರೆ ಆರು.

"ರೀಚಾರ್ಜ್ ಮಾಡ್ಸು ಅಂತ ಮೂರ್ ದಿನದಿಂದ ಬಡ್ಕತಿದ್ದೆ" ಎಂದು ಲಕ್ಕಮ್ಮ ಮಗನ ತಟ್ಟೆಗೆ ಮುದ್ದೆಯನ್ನು ಇಡಲಿಲ್ಲ, ಕುಕ್ಕಿದಳು.

"ಮರ್ತೋಯ್ತು ಕಣವ್ವ."

"ಮರೆಯಕ್ಕೆ ಈ ಮನೇಲಿ ಒಬ್ರು ಸಾಲ್ದಾ? ನಿಂಗೂ ಬೇಕಾ?"

"ಯಾರ್ಗೆ ಮರೆವು?" ಎಂದ ಚಿಕ್ಕಯ್ಯ, ಮುದ್ದೆ ಮುರಿಯುತ್ತಾ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ತನಗಲ್ಲವೆಂದು ತಿಳಿದು, ಸಾರು ಸುರಿದುಕೊಂಡ.

ಸ್ಮಿತಾ ನಿಧಾನಕ್ಕೆ ಬಾಯಿ ತೆಗೆದಳು. "ಅತ್ತೆ, ಆ ಒಂದ್ ಗಂಟೆ ನೀವು ಮಾವನ ಪಕ್ಕದಲ್ಲೇ ಕುಂತ್ಬುಟ್ರೆ..."

"ಕೂರ್ತೀನಮ್ಮ, ಯಾಕ್ ಕೂರಲ್ಲ? ಬಟ್ಟೆ ನೀನೆತ್ತು. ಕಸ ನೀನ್ ಗುಡ್ಸು. ಎಸರಿಗೆ ನೀನಿಡು. ನಾನ್ ಮಹಾರಾಣಿ ತರ ಕೂರ್ತೀನಿ."

"ಅಂಗಂದ್ರೆ ನಾನು ಕೆಲ್ಸ ಬುಡ್ಬೇಕು. ಅದ್ನೇ ನೆಟ್ಟಗೆ ಅನ್ಬುಡಿ."

"ನಾನಂದ್ನಾ? ತೇಜು, ನಾನಂದ್ನೇನೇ?"

"ಅಜ್ಜಿ, ನನ್ನ ಎಳೀಬೇಡಿ" ಎಂದಳು ತೇಜಶ್ರೀ.

"ಎಲ್ರೂ ಸುಮ್ಕಿರಿ" ಎಂದ ಸುನೀಲ. "ಗೇಟಿಗೊಂದು ಬೀಗ ತತ್ತೀನಿ. ಮುಗೀತು."

ಬೀಗ ಬಂತು. ಮೂರನೇ ದಿನಕ್ಕೆ ಹೋಯಿತು. ಬೀಗವಿದೆಯಲ್ಲ ಎಂದು ರೀಚಾರ್ಜು ಮುಂದಕ್ಕೆ ಹೋಗಿ, ಟೀವಿ ಇನ್ನೂ ನೀಲಿಯಾಗಿಯೇ ಇದ್ದ ಆ ಸಂಜೆ ಚಿಕ್ಕಯ್ಯ ಗೇಟಿಗೆ ಹೋದ, ಎಳೆದ, ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಲು ಶುರುಮಾಡಿದ. "ಯಾರೋ ನನ್ನ ಕೂಡಾಕವ್ರೆ ಕಣ್ರಪ್ಪೋ! ಬನ್ರಪ್ಪೋ! ಆಲು ಒಡ್ದೋಯ್ತದೆ!" ಎಂದು ಬೀದಿಗೆ ಕೇಳುವಂತೆ ಕೂಗಿದ. ಬೀದಿಯವರು ನಿಂತರು. ಪಕ್ಕದ ಮನೆಯ ಕಮಲಾಕ್ಷಮ್ಮ ಜಗಲಿಗೆ ಬಂದಳು. ಚಿಕ್ಕಯ್ಯನ ಅಂಗೈ ಗೇಟಿನ ಕಬ್ಬಿಣಕ್ಕೆ ಉಜ್ಜಿ ರಕ್ತ ಬರುತ್ತಿತ್ತು, ಕಣ್ಣಲ್ಲಿ ನೀರು. ಎಪ್ಪತ್ತಾರು ವರ್ಷದ ಗಂಡ ಹಾಗೆ ಅಳುವುದನ್ನು ಲಕ್ಕಮ್ಮ ಯಾವತ್ತೂ ನೋಡಿರಲಿಲ್ಲ. ಓಡಿ ಬಂದು ಬೀಗ ತೆಗೆದಳು. ಕೈ ಹಿಡಿದು ಬೀದಿಯಲ್ಲಿ ನಾಲ್ಕು ಸುತ್ತು ನಡೆಸಿ ಕರೆತಂದಳು.

"ನನ್ನ ಗಂಡ ಕಳ್ಳ ಅಲ್ಲ ಕಣ್ಲಾ" ಎಂದಳು ಸುನೀಲ ಬಂದ ಮೇಲೆ. "ಇನ್ನೊಂದ್ ದಪ ಬೀಗ ಗೀಗ ಅಂದ್ರೆ ನಾನೂ ಅವ್ರ ಜೊತೆ ಆ ರೋಡಿಗೇ ಓಯ್ತೀನಿ."

"ಅಂಗಾರೆ ಏನ್ ಮಾಡಾನ ಹೇಳವ್ವ! ನೀನೇ ಹೇಳು! ಫ್ಯಾಕ್ಟ್ರೀಲಿ ಫೋನ್ ಬಂದಂಗೆಲ್ಲ ಜೀವ ಬಾಯಿಗ್ ಬತ್ತದೆ ನಂಗೆ!" ಸುನೀಲ ಕಿರುಚಿದ. ಮನೆಯಲ್ಲಿ ಎಲ್ಲರೂ ಹೆದರಿದ್ದರು. ಹೆದರಿಕೆಯನ್ನು ಹೆದರಿಕೆ ಅಂತ ಹೇಳಿಕೊಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅದಕ್ಕೇ ಬೈಯುತ್ತಿದ್ದರು.

ದಾರಿ ತೋರಿಸಿದ್ದು ತೇಜಶ್ರೀ. "ಅಪ್ಪ, ಫ್ರೀ ಡಿಶ್ ಹಾಕ್ಸೋಣ. ಒಂದ್ಸಲ ಡಿಶ್ಶು, ಬಾಕ್ಸು ತಗೊಂಡ್ರೆ ಆಯ್ತು. ರೀಚಾರ್ಜೇ ಇಲ್ಲ, ತಿಂಗ್ಳು ಮುಗಿಯೋದೂ ಇಲ್ಲ. ಚಂದನ ಬರುತ್ತೆ. ತಾತಂಗೆ ಅದೇ ತಾನೆ ಬೇಕಿರೋದು?"

"ಫ್ರೀ ಅಂದ್ರೆ ಎಂಗೆ? ಯಾರ್ ಕೊಡ್ತಾರೆ?" ಲಕ್ಕಮ್ಮನಿಗೆ ಪುಕ್ಕಟೆ ಅಂದರೆ ಅನುಮಾನ.

"ಸರ್ಕಾರದ್ದು ಅಜ್ಜಿ. ಆಕಾಶದಿಂದ ಬರುತ್ತೆ."

"ಆಕಾಶದಿಂದ ಮಳೇನೇ ಸರ್ಯಾಗ್ ಬರಲ್ಲ" ಎಂದಳು ಲಕ್ಕಮ್ಮ. ಆದರೂ ಮರುದಿನ ಸುನೀಲನಿಗೆ ನೆನಪಿಸಿದವಳು ಅವಳೇ.

ಭಾನುವಾರ ಬಸ್ ಸ್ಟ್ಯಾಂಡ್ ಅಂಗಡಿಯ ರವೀಂದ್ರ ಬಂದ. ತಾರಸಿಯ ಮೇಲೆ ಎದೆಮಟ್ಟದ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತಲೆಗೆ ಡಿಶ್ಶು ಕೂರಿಸಿ, ಫೋನಿನಲ್ಲಿ ದಿಕ್ಕು ನೋಡಿದ.

"ಆಗ್ನೇಯಕ್ಕೆ ಮುಖ ಮಾಡ್ಬೇಕು ಸಾ."

"ಆಗ್ನೇಯ ಅಡ್ಗೆಮನೆ ದಿಕ್ಕಲ್ವಾ?" ಎಂದಳು ಕೆಳಗಿನಿಂದ ಲಕ್ಕಮ್ಮ.

"ಅಜ್ಜೀ, ಸಿಗ್ನಲ್ಲೂ ಅಲ್ಲೇ ಬೇಯೋದು" ಎಂದು ರವೀಂದ್ರ ನಕ್ಕ.

ಆಮೇಲೆ ಶುರುವಾಯಿತು ಕೂಗಾಟ. ಮೇಲೆ ರವೀಂದ್ರ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುವುದು, "ಬಂತಾ?" ಅನ್ನುವುದು. ಅಂಗಳದಲ್ಲಿ ನಿಂತ ತೇಜಶ್ರೀ, "ಬಂತಾ?" ಅನ್ನುವುದು. ಒಳಗೆ ಟೀವಿಯ ಮುಂದೆ ರಿಮೋಟು ಹಿಡಿದ ಸ್ಮಿತಾ, "ಇಲ್ಲ... ಬಂತು... ಓಯ್ತು!" ಅನ್ನುವುದು. ಚಿಕ್ಕಯ್ಯ ಮಂಚದ ಮೇಲೆ ಕೂತು, ಏನೆಂದು ತಿಳಿಯದಿದ್ದರೂ, "ಬಂತು, ಬಂತು" ಎಂದು ತಾನೂ ದನಿಗೂಡಿಸುವುದು. ಬಹಳ ದಿನವಾದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಪರದೆಯ ಕೆಳಗೆ ಸಿಗ್ನಲ್ ತೋರಿಸುವ ಎರಡು ಪಟ್ಟಿಗಳು ಹಸಿರಾಗಿ ಚಿತ್ರ ಬಂದಾಗ ಲಕ್ಕಮ್ಮ ಟೀವಿಗೇ ಕೈಮುಗಿದಳು.

ಹೊರಡುವಾಗ ರವೀಂದ್ರ ಹೇಳಿದ: "ಡಿಶ್ಶು ಮಾತ್ರ ಮುಟ್ಬೇಡಿ. ಬೆರಳಷ್ಟು ಅಲ್ಲಾಡಿದ್ರೂ ಎಲ್ಲಾ ಓಯ್ತದೆ."

ಮೊದಮೊದಲು ಅದನ್ನು ದೇವರ ಮನೆಯಂತೆ ನೋಡಿಕೊಂಡರು. ತಾರಸಿಗೆ ಬಟ್ಟೆ ಒಣಗಿಸಲು ಹೋದರೂ ಮಾರು ದೂರ ಸರಿದು ನಡೆಯುತ್ತಿದ್ದರು. ಐದೂವರೆಗೆ ಲಕ್ಕಮ್ಮ ಗಂಡನ ಪಕ್ಕದಲ್ಲೇ ಅವರೆಕಾಳು ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೂರುತ್ತಿದ್ದಳು. ಆದರೂ ಆಕಾಶ ಆಕಾಶವೇ. ಶ್ರಾವಣದ ಒಂದು ಸಂಜೆ ಜೋರು ಮಳೆ ಬಂದು ಚಿತ್ರ ಚೂರುಚೂರಾಗಿ ಒಡೆದು, 'ಸಿಗ್ನಲ್ ಇಲ್ಲ' ಎಂದು ನಿಂತಿತು. ಚಿಕ್ಕಯ್ಯ ಎದ್ದ. ಆಗಷ್ಟೇ ಬಂದಿದ್ದ ತೇಜಶ್ರೀ ಬ್ಯಾಗು ಬಿಸಾಕಿ ಬಾಗಿಲಿಗೆ ಅಡ್ಡ ನಿಂತಳು.

"ಬುಡವ್ವ, ಒತ್ತಾಯ್ತು."

"ತಾತ, ಹಸುಗೆ ಏನು ಹಾಕಿದ್ರೆ ಹಾಲು ಜಾಸ್ತಿ ಕೊಡುತ್ತೆ?"

"ನಿಂಗ್ಯಾಕದು?"

"ಪರೀಕ್ಷೇಲಿ ಕೇಳ್ತಾರೆ ತಾತ. ನಂಗೆ ಗೊತ್ತಿಲ್ಲ."

ಚಿಕ್ಕಯ್ಯ ನಿಂತ. ಹಿಂಡಿ, ಬೂಸಾ, ಹಸಿ ಜೋಳದ ಕಡ್ಡಿ ಎಂದು ಶುರುಮಾಡಿದವನು ಆರೂಕಾಲರವರೆಗೂ ಹೇಳಿದ. ತೇಜಶ್ರೀ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಂತೆ ಮಾಡಿದಳು.

ಆ ಮಳೆ ಬಿಟ್ಟರೆ ಆರು ವಾರ ತೊಂದರೆಯಿಲ್ಲದೆ ಕಳೆದವು. ನೆಮ್ಮದಿ ಅನ್ನುವುದು ಮನುಷ್ಯರನ್ನು ಸೋಮಾರಿ ಮಾಡುತ್ತದೆ. ಲಕ್ಕಮ್ಮ ಟೀವಿ ಹಾಕಿ, "ಇಗೋ ಬಂದೆ" ಎಂದು ಕಮಲಾಕ್ಷಮ್ಮನ ಜಗಲಿಗೆ ಹೋಗತೊಡಗಿದಳು. ತೇಜಶ್ರೀ ಫೋನು ಹಿಡಿದು ಒಳಕೋಣೆ ಸೇರಿದಳು. ಸ್ಮಿತಾ ಓವರ್‌ಟೈಮಿಗೆ ಒಪ್ಪಿಕೊಂಡಳು. ಕೇಳಿದರೆ ಎಲ್ಲರದೂ ಒಂದೇ ಮಾತು: "ಟೀವಿ ಐತಲ್ಲ."

ಭಾದ್ರಪದದ ಕೊನೆಗೆ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆ. ಮಗ ಸೊಸೆ ಇಬ್ಬರೂ ರಜೆ ಹಾಕಿದ್ದರು. ಚಿಕ್ಕಯ್ಯನ ಅಪ್ಪ ಅವ್ವನ ಫೋಟೋ ಒರೆಸಿ, ಹೊಸ ಪಂಚೆ, ಸೀರೆ ಇಟ್ಟು, ಬಾಳೆಲೆಯಲ್ಲಿ ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ ಬಡಿಸಿ, ಹಿತ್ತಾಳೆ ಚೊಂಬಿನಲ್ಲಿ ಹಾಲು ಇಟ್ಟು ಎಡೆ ಮಾಡಿದರು. ಲಕ್ಕಮ್ಮ ಅಡ್ಡಬಿದ್ದವಳು ಬೇಗ ಏಳಲೇ ಇಲ್ಲ. "ಮಾವಯ್ಯ, ಅತ್ತೆಮ್ಮ, ನಿಮ್ಮ ಮಗನ್ನ ಆ ರೋಡಿಂದ ಕಾಪಾಡಿ. ಇನ್ನೇನೂ ಕೇಳಲ್ಲ" ಎಂದಳು. ಸ್ಮಿತಾ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಎಡೆಯಲ್ಲಿ ಒಂದು ಪಾಲು ಕಾಗೆಗೆ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಹಿಂದಿನ ವರ್ಷ ತಾರಸಿಯ ಮೋಟುಗೋಡೆ ಮೇಲಿಟ್ಟದ್ದನ್ನು ಪಕ್ಕದ ಮನೆ ಬೆಕ್ಕು ತಿಂದುಹೋಗಿತ್ತು. ಆ ವರ್ಷವೇ ಗಂಡನ ಕಾಯಿಲೆ ಏರಿತು ಎಂಬ ಕೊರಗು ಲಕ್ಕಮ್ಮನಿಗೆ ಒಳಗೊಳಗೇ ಇತ್ತು. ಈ ಸಲ ಎಡೆ ಕೆಡಬಾರದು. ತಾರಸಿ ಹತ್ತಿ ಸುತ್ತ ನೋಡಿದಳು. ಬೆಕ್ಕು ಹತ್ತಲಾರದ ಜಾಗ ಒಂದೇ ಒಂದಿತ್ತು: ನುಣ್ಣನೆಯ ಪೈಪಿನ ತಲೆಯ ಮೇಲೆ, ಬಿಳಿ ತಟ್ಟೆಯಂತೆ ಆಕಾಶಕ್ಕೆ ಮುಖ ಮಾಡಿ ನಿಂತ ಡಿಶ್ಶು. ಹಿರಿಯರಿಗೆಂದೇ ಮಾಡಿಸಿದಂತಿತ್ತು. ಮುಟ್ಟಬೇಡಿ ಎಂದದ್ದು ನೆನಪಿಗೆ ಬರಲಿಲ್ಲವೆಂದಲ್ಲ, ಬಂತು. ಆದರೆ ಹಿರಿಯರ ಮುಂದೆ ರವೀಂದ್ರನ ಮಾತೆಷ್ಟರದು? ಎಲೆಯಿಟ್ಟರೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಒತ್ತಿ, ಒಂದಿಷ್ಟು ಮಲಗಿಸಿ, ಎಲೆ ಕೂರಿಸಿ, "ಕಾ... ಕಾ..." ಎಂದು ಕೂಗಿದಳು.

ಎಲ್ಲಿದ್ದವೋ, ಮೂರು ಕಾಗೆ ಒಟ್ಟಿಗೆ ಇಳಿದವು. ಎರಡು ಡಿಶ್ಶಿನ ಅಂಚಿಗೆ, ಒಂದು ಮುಂದೆ ಚಾಚಿದ ಕಡ್ಡಿಯ ಮೇಲೆ.

"ಮುಟ್ತು ಕಣ್ರೋ! ಏಟೊತ್ತೂ ಕಾಯಿಸ್ನಿಲ್ಲ! ಊಟಕ್ ಕೂತ್ಕಳಿ!" ಎಂದು ಲಕ್ಕಮ್ಮ ಹುಡುಗಿಯಂತೆ ಮೆಟ್ಟಿಲು ಇಳಿದು ಬಂದಳು.

ನಾಲ್ಕು ಗಂಟೆಗೆ ಎಲ್ಲರೂ ಹೊಟ್ಟೆ ತುಂಬ ಉಂಡರು. ಚಿಕ್ಕಯ್ಯ ಎರಡು ಕಜ್ಜಾಯ ಹೆಚ್ಚಿಗೆ ತಿಂದು ಮಂಚದ ಮೇಲೆ ಒರಗಿದ.

ಐದೂಕಾಲಕ್ಕೆ ಸ್ಮಿತಾ ಟೀವಿ ಹಾಕಿದಳು. ಕಪ್ಪು ಪರದೆ. 'ಸಿಗ್ನಲ್ ಇಲ್ಲ.'

"ರೀ, ಬರ್ತಾ ಇಲ್ಲ."

"ಬಾಕ್ಸ್ ಆಫ್ ಮಾಡಿ ಹಾಕು."

"ಹಾಕ್ದೆ. ಇಲ್ಲ."

ಲಕ್ಕಮ್ಮ ತಾರಸಿಯ ಕಡೆ ನೋಡಿದಳು. "ನಾನು... ಮೇಲೆ ಎಡೆ ಇಟ್ಟಿದ್ದೆ ಕಣಪ್ಪ."

"ಎಲ್ಲಿ?"

"ಅದ್ರ ಮ್ಯಾಲೇನೆ."

"ಅವ್ವಾ!" ಸುನೀಲ ಬಾಯಿಗೆ ಬಂದದ್ದನ್ನು ನುಂಗಿ ಮೆಟ್ಟಿಲು ಹತ್ತಿದ. ಎಲೆ ಕಿತ್ತು ಬಿಸಾಡಿ, ಡಿಶ್ಶನ್ನು ಎತ್ತಿದ, ತಿರುಗಿಸಿದ. ತೇಜಶ್ರೀ ಅಂಗಳಕ್ಕೆ ಓಡಿ ತಲೆಯೆತ್ತಿ ನಿಂತಳು. ಸ್ಮಿತಾ, ಲಕ್ಕಮ್ಮ ಇಬ್ಬರೂ ಟೀವಿಯ ಮುಂದೆ.

"ಬಂತಾ?"

"ಬಂತಾ?"

"ಇಲ್ಲ!"

"ಈಗ?"

"ಒಂದ್ ಪಟ್ಟಿ ಬಂತು... ಓಯ್ತು!"

ಗಡಿಯಾರ ಐದು ಇಪ್ಪತ್ತೆಂಟು. ಲಕ್ಕಮ್ಮ ಪರದೆಯ ಮೇಲಿನ ಆ ಎರಡು ಪಟ್ಟಿಗಳನ್ನೇ ನುಂಗುವಂತೆ ನೋಡುತ್ತಿದ್ದಳು. "ಬೇಗ ಕಣಪ್ಪಾ, ಬೇಗ! ಎದ್ಬುಡ್ತಾರೆ!" ಎಂದು ಕೂಗಿದಳು. ಮೇಲೆ ಸುನೀಲನ ಅಂಗೈ ಬೆವರಿ ನಟ್ಟು ಜಾರುತ್ತಿತ್ತು. ಒಂದು ಕೂದಲೆಳೆ ಎಡಕ್ಕೆ. ಒಂದು ಕೂದಲೆಳೆ ಮೇಲಕ್ಕೆ.

"ಬಂತು! ಬಂತು! ಅಲ್ಲಾಡಿಸ್ಬೇಡಿ, ಬಂತು!" ಸ್ಮಿತಾ ಕುಣಿದಳು. ಪರದೆಯ ತುಂಬ ಒಂದು ಕೊಬ್ಬಿದ ಕಪ್ಪು ಬಿಳಿ ಹಸು.

"ನೋಡಿ, ನಿಮ್ಮಸು ಬಂತು" ಎಂದು ಲಕ್ಕಮ್ಮ ನಗುತ್ತಾ ಹಿಂದಕ್ಕೆ ತಿರುಗಿದಳು.

ಮಂಚ ಖಾಲಿಯಿತ್ತು. ಎಡೆಗೆ ಇಟ್ಟಿದ್ದ ಹಾಲಿನ ಚೊಂಬೂ ಇರಲಿಲ್ಲ.

ಅವನನ್ನು ಬಿಟ್ಟು ನಾಲ್ವರಿದ್ದ ಮನೆ. ನಾಲ್ವರೂ ಅವನಿಗಾಗಿಯೇ ಒದ್ದಾಡುತ್ತಿದ್ದರು. ಒಬ್ಬರಾದರೂ ಅವನ ಕಡೆ ನೋಡುತ್ತಿರಲಿಲ್ಲ. ತಲೆಯೆತ್ತಿ ಅಪ್ಪನನ್ನೇ ನೋಡುತ್ತಿದ್ದ ತೇಜಶ್ರೀಯ ಬೆನ್ನ ಹಿಂದೆಯೇ ಹಾದು ಗೇಟು ದಾಟಿದ್ದ.

ಸುನೀಲ ಬೈಕು ತೆಗೆದು ಪಂಚರ್ ಅಂಗಡಿಗೆ ಹೋದ. "ಇಲ್ಲ ಕಣಣ್ಣ, ಈ ಕಡೆ ಬಂದಿಲ್ಲ" ಎಂದ ಅಂಗಡಿಯವನು. ಸ್ಮಿತಾ ಬಸ್ ಸ್ಟ್ಯಾಂಡಿಗೆ ಓಡಿದಳು, ಅಲ್ಲೂ ಇಲ್ಲ. ಹಬ್ಬದ ದಿನ, ಊರೆಲ್ಲ ಬಾಗಿಲು ಹಾಕಿಕೊಂಡು ಎಡೆಯ ಊಟ ಮಾಡುತ್ತಿತ್ತು. ಬೀದಿಯಲ್ಲಿ ನೋಡಿದವರೇ ಇಲ್ಲ. ಸುನೀಲ ಹಾಸನದ ಕಡೆ ಒಂದು ಮೈಲಿ ಹೋಗಿ ಬಂದ, ಅರಸೀಕೆರೆ ಕಡೆ ತಿರುಗಿದ. ಅಲ್ಲಿ ರಸ್ತೆ ಪಕ್ಕ ಏಳೆಂಟು ಜನ ಗುಂಪುಗೂಡಿ ನೆಲ ನೋಡುತ್ತಾ ನಿಂತಿದ್ದರು. ಒಂದು ಕಾರು ಅಡ್ಡ ನಿಂತಿತ್ತು. ಸುನೀಲನಿಗೆ ಬೈಕಿನಿಂದ ಇಳಿಯಲಾಗಲಿಲ್ಲ.

"ಯಾರು?" ಎಂದ.

"ನಾಯಿ ಕಣಣ್ಣ. ಅಡ್ಡ ಬಂದ್ಬುಡ್ತು."

ಬೈಕು ಅಲ್ಲೇ ಬಿಟ್ಟು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ನಲವತ್ತೆರಡು ವರ್ಷದ ಗಂಡಸು ಗುಂಪಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ತೇಜಶ್ರೀಯನ್ನು ಗೇಟಿನಲ್ಲಿ ಕಾಯಲು ನಿಲ್ಲಿಸಿ ಲಕ್ಕಮ್ಮ ಒಬ್ಬಳೇ ಹೊರಟಳು. ಡೈರಿಯ ಕಡೆ ಹೋಗಿಲ್ಲ ಅಂದರೆ ಇನ್ನೆಲ್ಲಿ? ಡೈರಿಗೂ ಮುಂಚೆ, ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಹಾಲು ಒಯ್ಯುವ ವ್ಯಾನು ಕೆರೆ ಕೋಡಿಯ ಗೋಣಿ ಮರದ ಹತ್ತಿರ ನಿಲ್ಲುತ್ತಿತ್ತು. ಈಗ ಅದು ಗೊತ್ತಿರುವವರು ಊರಲ್ಲಿ ನಾಲ್ಕು ಜನವಿದ್ದರೆ ಹೆಚ್ಚು. ಮಳೆಗೆ ಕೆರೆ ತುಂಬಿತ್ತು. ಸೀರೆ ಎತ್ತಿ ಕಟ್ಟಿ, ಅರವತ್ತೆಂಟರ ಮಂಡಿಯನ್ನು ಬೈಯುತ್ತಾ ಏರಿಯ ಮೇಲೆ ಓಡಿದಳು. ಬೆಳಕು ಇಳಿಯುತ್ತಿತ್ತು. "ಮಾವಯ್ಯ, ಕಾಗೆ ಮುಟ್ತಲ್ಲ. ಮುಟ್ತಲ್ಲ ಮಾವಯ್ಯ" ಎಂದು ಬಡಬಡಿಸುತ್ತಿದ್ದಳು.

ಗೋಣಿ ಮರದ ಕೆಳಗೆ ಚಿಕ್ಕಯ್ಯ ನಿಂತಿದ್ದ. ಚೊಂಬನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಿದ್ದ. ಓಡಿ ಬಂದ ಹೆಂಗಸನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ನೀವ್ಯಾರು ತಾಯಿ?"

ಅವನು ಅಡುಗೆ ಹೇಗಿತ್ತೆಂದು ಮರೆತಿದ್ದ, ಮಗನ ಹೆಸರು ಎರಡು ಸಲ ಮರೆತಿದ್ದ, ಮೊಮ್ಮಗಳನ್ನು ತಂಗಿಯೆಂದು ಕರೆದಿದ್ದ. ಅವಳನ್ನು ಮಾತ್ರ ಮರೆತಿರಲಿಲ್ಲ. ಆ ಒಂದು ಧೈರ್ಯದ ಮೇಲೆ ಅವಳು ಇಷ್ಟು ದಿನ ನಿಂತಿದ್ದಳು.

"ವ್ಯಾನು ಬರ್ನಿಲ್ಲ" ಎಂದ ಚಿಕ್ಕಯ್ಯ. "ಕತ್ಲಾಯ್ತಾ ಬಂತು. ನಂಗೆ ದಾರಿ ತಿಳೀತಿಲ್ಲ ತಾಯಿ. ಮನೇಲಿ ನಮ್ಮೋಳು ಒಬ್ಳೇ ಅವ್ಳೆ. ಎದ್ರುಕಂತಾಳೆ."

"ಬನ್ನಿ" ಎಂದಳು ಲಕ್ಕಮ್ಮ ಕಷ್ಟಪಟ್ಟು. "ನಾನೂ ಆ ಕಡೀಗೇ ಓಯ್ತಾ ಇವ್ನಿ."

ಏರಿಯ ಮೇಲೆ ಇಬ್ಬರೂ ನಡೆದರು. ಅವಳು ಕೈ ಹಿಡಿಯಲು ಹೋದರೆ ಚಿಕ್ಕಯ್ಯ ಕೈ ಎಳೆದುಕೊಂಡ, ಮರ್ಯಾದಸ್ಥ. ಬೈಕೊಂದು ಬಂದಾಗ ಮಾತ್ರ, "ಈ ಕಡೀಕ್ ಬನ್ನಿ ತಾಯಿ, ನೀರಿನ್ ಕಡೆ ಓಗ್ಬೇಡಿ" ಎಂದು ಅವಳನ್ನು ಈಚೆ ಬದಿಗೆ ಸರಿಸಿ ತಾನು ನೀರಿನ ಬದಿಗೆ ನಡೆದ.

ಮನೆಯ ಗೇಟಿನಲ್ಲಿ ತೇಜಶ್ರೀ ಬಾಯಿ ತೆರೆಯುವಷ್ಟರಲ್ಲಿ ಲಕ್ಕಮ್ಮ ಕೈಸನ್ನೆ ಮಾಡಿದಳು. ಹುಡುಗಿ ಅಳುತ್ತಲೇ ಒಳಗೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. ಚಿಕ್ಕಯ್ಯ ಗೇಟಿನ ಹೊರಗೇ ನಿಂತ.

"ನೀವು ಇಲ್ಲೇ ಇರಿ ತಾಯಿ. ಒತ್ತು ಮುಳುಗ್ದ ಮ್ಯಾಲೆ ಯಾರೋ ಎಂಗಸ್ರನ್ನ ಕರ್ಕಂಡು ಬಂದವ್ನೆ ಅಂತ ನಮ್ಮೋಳು ರಾಮಾಯಣ ಮಾಡ್ಬುಡ್ತಾಳೆ."

ಲಕ್ಕಮ್ಮನಿಗೆ ಅಳುವಿನ ಮಧ್ಯೆಯೇ ನಗು ಬಂತು. "ಅಷ್ಟ್ ಜೋರಾ ನಿಮ್ಮೋರು?"

"ಜೋರೇಯ. ಆದ್ರೆ ಒಳ್ಳೇಳು."

"ಸರಿ, ನಾನು ಇಲ್ಲೇ ಇರ್ತೀನಿ. ನೀವು ಬಾಗ್ಲಿಗೆ ಓಗಿ ಕೂಗಿ" ಎಂದು ಹೇಳಿ ಲಕ್ಕಮ್ಮ ಗೋಡೆ ಸುತ್ತಿ ಹಿತ್ತಲಿಗೆ ಓಡಿದಳು. ಹಿಂಬಾಗಿಲಿನಿಂದ ಒಳಗೆ ಬಂದು, ಮುಖಕ್ಕೆ ನೀರು ಹಾಕಿ, ಸೆರಗಿನಿಂದ ಒರೆಸಿ, ಕೂದಲು ಒತ್ತಿಕೊಂಡು ಮುಂಬಾಗಿಲ ಹಿಂದೆ ನಿಂತಳು. ಟೀವಿ ಇನ್ನೂ ಓಡುತ್ತಿತ್ತು, ಯಾರೋ ಸುದ್ದಿ ಓದುತ್ತಿದ್ದರು. ಲಾರಿಗೆ ಹೆದರಿದ್ದಳು, ಕೆರೆಗೆ ಹೆದರಿದ್ದಳು. ಚಿಲಕದ ಮೇಲೆ ಕೈಯಿಟ್ಟು ನಿಂತ ಆ ಗಳಿಗೆಯ ಹೆದರಿಕೆ ಬೇರೆಯೇ ಇತ್ತು. ಬಾಗಿಲು ತೆಗೆದಾಗ ಅವನು ಇನ್ನೊಂದು ಸಲ 'ನೀವ್ಯಾರು ತಾಯಿ' ಅಂದರೆ?

"ಲಕ್ಕೀ" ಎಂದು ಆಚೆಯಿಂದ ಕೂಗು ಬಂತು.

ತೆಗೆದಳು. "ಯಾಕಿಷ್ಟೊತ್ತು?" ಎಂದು ಗದರಿದಳು.

ಚಿಕ್ಕಯ್ಯ ಅವಳ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚೊಂಬನ್ನು ಅವಳ ಕೈಗೆ ಕೊಟ್ಟ.

"ವ್ಯಾನು ಬರ್ನಿಲ್ಲ ಕಣೆ. ಆಲು ಅಂಗೇ ಐತೆ." ಒಳಗೆ ಬಂದು ಮಂಚದ ಮೇಲೆ ಕೂತು ಕಾಲು ಒತ್ತಿಕೊಂಡ. "ಆಚೆ ಒಂದು ಯಮ್ಮ ನಿಂತದೆ. ಅದೇ ನನ್ನ ಇಲ್ಲೀಗಂಟ ಬುಡ್ತು. ಅದ್ಕೊಂದು ಲೋಟ ಕಾಪಿ ಕೊಡು. ಪಾಪ, ಬೋ ಎದ್ರಿತ್ತು."

"ಕೊಡ್ತೀನಿ" ಎಂದಳು ಲಕ್ಕಮ್ಮ.

ಅಡುಗೆಮನೆಗೆ ಹೋಗಿ ಆ ಹಾಲನ್ನೇ ಒಲೆಗಿಟ್ಟಳು. ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಮಗ, ಸೊಸೆ ಒಳಗೆ ಓಡಿ ಬಂದರು. ಅವಳು ಆ ಕಡೆ ನೋಡಲಿಲ್ಲ. ಕಾಫಿ ಬೆರೆಸಿ, ಲೋಟ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದಳು.

"ಕೊಟ್ಟಾ?" ಎಂದು ಒಳಗಿನಿಂದ ಚಿಕ್ಕಯ್ಯ ಕೇಳಿದ.

"ಕೊಟ್ಟೆ" ಎಂದಳು. "ಕುಡೀತಾ ಅವ್ಳೆ."